ನಡುವಿನ ಕುರ್ಚಿ

ಲಕ್ವ ಹೊಡೆದಿದ್ದ ಎವಾರಿಸ್ತೊನ ಬಲಗೈ ಮತ್ತೆ ತಾಳ ತಪ್ಪಿತು. ಹವಾನಾದ ಆ ಸ್ಟುಡಿಯೊದಲ್ಲಿ ಪಿಯಾನೊವೂ ಕಹಳೆಗಳೂ ಸುಮ್ಮನಾದವು. ಜೀವಮಾನವೆಲ್ಲ ಬೇರೆಯವರಿಗಾಗಿ ಬಾರಿಸಿದ ಮುದುಕನ ಸ್ವಂತ ಹೆಸರಿನ ಮೊದಲ ಆಲ್ಬಮ್ ಅಲ್ಲೇ ನಿಂತುಹೋಗುವಂತಿತ್ತು.

ಅವನು ತೊಡೆಯ ಮೇಲಿದ್ದ, ಎರಡೂ ಬದಿ ಎರಡೂ ಕೈಯಲ್ಲಿ ಬಾರಿಸುವ ದೊಡ್ಡ ಬಾತಾ ಡೋಲನ್ನು ಎತ್ತಿ, ಪಕ್ಕದಲ್ಲಿ ಚಿಕ್ಕ ಡೋಲು ಹಿಡಿದು ಕೂತಿದ್ದ ಮಗಳು ಒದಾಲಿಸ್ ಕಡೆ ಚಾಚಿದ. "ನಡುವೆ ಬಾರಮ್ಮ."

"ಹೆಂಗಸು ನಡುವೆ ಕೂತು ದೊಡ್ಡದನ್ನ ಬಾರಿಸಿದ್ರೆ ಸತ್ತ ಹಿರೀಕರೆಲ್ಲ ಎದ್ದು ಬರ್ತಾರೆ, ಅಣ್ಣಾ," ಎಂದ ಇನ್ನೊಂದು ಪಕ್ಕದಲ್ಲಿ ಮೂರನೆಯ ಡೋಲು ಹಿಡಿದಿದ್ದ ತಮ್ಮ ಕ್ರೆಸೆನ್ಸಿಯೊ.

"ಬರ್ಲಿ ಬಿಡೋ. ಅವರೂ ಕೇಳ್ಲಿ."

ಒದಾಲಿಸ್ ಕದಲಲಿಲ್ಲ. "ದೊಡ್ಡ ಡೋಲು ಕೂಗೋದು, ಉಳಿದವು ಓಗೊಡೋದು. ನಿನ್ನನ್ನ ನಾನು ಕೂಗ್ಲಾ, ಅಪ್ಪಾ?"

ಎವಾರಿಸ್ತೊ ನಡುವಿನ ಕುರ್ಚಿಯಿಂದ ಎದ್ದು ಅವಳನ್ನು ಕೂರಿಸಿ, ಚಿಕ್ಕ ಡೋಲನ್ನು ತಾನು ತೆಗೆದುಕೊಂಡ. "ಕೂಗು ಮಗಳೇ. ಓಗೊಡೋಕೆ ಈ ಕೈ ಸಾಕು."

ಒದಾಲಿಸ್ ಕೂಗಿದಳು.