ನೂರು ಮುಟ್ಟುವ ಎಣ್ಣೆ

“ಮಂದ ಆಯಿಲ್ ಬೇಡ ಕಣೇ. ನೀರಿನ ಹಾಗೆ ಹರಿಯೋದು ಹಾಕು,” ಎನ್ನುತ್ತ ಅಕ್ಕ ಗ್ಯಾರೇಜಿನ ಸ್ಟೂಲಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಳು. “ಇವತ್ತು ಸ್ಪೀಡು ನೂರು ಮುಟ್ಟಬೇಕು.”

ತಂಗಿಯ ಮುಂದೆ ಎರಡು ಡಬ್ಬಗಳಿದ್ದವು. ಒಂದರಲ್ಲಿ ಈಗಿನ ಹೊಸ ಕಾರುಗಳಿಗೆ ಹಾಕುವ ತೆಳು ಎಣ್ಣೆ. ಇನ್ನೊಂದರಲ್ಲಿ ಮೂವತ್ತು ವರ್ಷದಿಂದ ಅವಳು ಈ ಹಸಿರು ಕಾರಿಗೆ ಹಾಕುತ್ತ ಬಂದಿದ್ದ, ಜೇನಿನಷ್ಟು ಮಂದವಾದ ಎಣ್ಣೆ. ಎರಡೇ ಸೀಟಿನ, ಮೇಲೆ ಸೂರಿಲ್ಲದ, ನೆಲಕ್ಕೆ ಅಂಟಿಕೊಂಡಂತಿದ್ದ ಹಳೆಯ ರೇಸ್ ಕಾರು ಅದು. ಓಡಿಸಿ ಬಹುಮಾನ ತಂದವಳು ಅಕ್ಕ. ಅದರಡಿಯಲ್ಲಿ ಅಂಗಾತ ಮಲಗಿ ಮೈಯೆಲ್ಲ ಮಸಿ ಮಾಡಿಕೊಂಡವಳು ತಂಗಿ.

“ತೆಳು ಹಾಕಿದರೆ ಚುರುಕಾಗೇನೋ ಓಡತ್ತೆ, ಅಕ್ಕ. ಆದರೆ ಇದರ ಬೇರಿಂಗೆಲ್ಲ ಸವೆದು ಸಡಿಲ ಆಗಿವೆ. ಬಿಸಿ ಏರಿದ ಮೇಲೆ ತೆಳು ಆಯಿಲ್ ಆ ಸಂದಿಗಳಲ್ಲಿ ನಿಲ್ಲಲ್ಲ, ಜಾರಿಹೋಗತ್ತೆ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಇಂಜಿನ್ ಸೀಜ್ ಆಗತ್ತೆ. ಆಮೇಲೆ ಇದನ್ನ ಎಬ್ಬಿಸೋಕೆ ನನ್ನಿಂದಲೂ ಆಗಲ್ಲ.”

“ಏಳದಿದ್ದರೆ ಬಿಡು. ನನಗೆ ಇವತ್ತೊಂದು ದಿನ ಓಡಿದರೆ ಸಾಕು. ಕಣ್ಣಿನ ಡಾಕ್ಟರ್ ಹೇಳಿದ್ದು ನೀನೂ ಕೇಳಿಸಿಕೊಂಡೆಯಲ್ಲ? ಮುಂದಿನ ತಿಂಗಳ ಹೊತ್ತಿಗೆ ಕಾಣೋದು ಬರೀ ಬೆಳಕು, ನೆರಳು, ಅಷ್ಟೇ.”

“ನಿನಗೆ ಸಾಕು. ನನಗೆ?”

“ನಿನಗೇನು? ಒಂದು ಕೆಲಸ ಕಡಿಮೆ ಆಗತ್ತೆ.”

ತಂಗಿ ಡಬ್ಬಗಳತ್ತ ತಿರುಗಿದಳು. ಪ್ರತಿ ಭಾನುವಾರ ಅಕ್ಕ ಇಲ್ಲಿಗೆ ಬರುತ್ತಿದ್ದದ್ದು ಕಾರಿನ ನೆಪದಲ್ಲಿ. ಬ್ರೇಕು ಕಿರುಗುಡುತ್ತದೆ, ಗೇರು ಬೀಳುವುದಿಲ್ಲ ಎಂದು ದೂರು ಹೇಳುತ್ತ ಮಧ್ಯಾಹ್ನದವರೆಗೂ ಇದೇ ಸ್ಟೂಲಿನ ಮೇಲೆ ಕೂರುವಳು. ಕಣ್ಣೂ ಇಲ್ಲ, ಕಾರೂ ಇಲ್ಲ ಎಂದಾದರೆ, ‘ಸುಮ್ಮನೆ ಬಂದೆ’ ಎಂದು ಹೇಳಿಕೊಂಡು ಬರುವ ಜಾಯಮಾನ ಅವಳದಲ್ಲ. ಇಂಜಿನ್ ಉಳಿದರೆ ಆ ಭಾನುವಾರಗಳೂ ಉಳಿದಾವು. ತಾನು ಓಡಿಸುತ್ತ, ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳಿಂದ ಬೈಸಿಕೊಳ್ಳುತ್ತ ಇರಬಹುದು.

ತೆಳು ಎಣ್ಣೆಯ ಡಬ್ಬದ ಮುಚ್ಚಳವನ್ನು ಅವಳು ಅಕ್ಕನಿಗೆ ಕೇಳುವಂತೆ ಸದ್ದು ಮಾಡಿ ತೆಗೆದಿಟ್ಟಳು. ಆಮೇಲೆ ಮಂದದ ಡಬ್ಬವನ್ನೆತ್ತಿ ಆಲಿಕೆಗೆ ಬಗ್ಗಿಸಿದಳು. ಕಿಟಕಿಯ ಬೆಳಕಿನಲ್ಲಿ ಎಣ್ಣೆ ಬಂಗಾರದ ಎಳೆಯಾಗಿ ಇಳಿಯತೊಡಗಿತು, ಮಡಿಕೆ ಮಡಿಕೆಯಾಗಿ, ಯಾವ ಅವಸರವೂ ಇಲ್ಲದೆ. ನೋಡುತ್ತ ನಿಂತವಳಿಗೆ ಬೆಳಗಿನ ಹೊತ್ತೇ ಅದರ ಜೊತೆ ನಿಧಾನವಾಗಿ ಸುರಿಯುತ್ತಿದೆ ಅನ್ನಿಸಿತು.

“ತೆಳು ಆಯಿಲ್ ಸುರಿಯೋಕೆ ಇಷ್ಟು ಹೊತ್ತಾ?”

“ನನಗೂ ಅರವತ್ತೈದು ಆಯ್ತಲ್ಲ. ಕೈ ನಡುಗತ್ತೆ.”

“ಸ್ಪ್ಯಾನರ್ ಹಿಡಿದಾಗ ನಡುಗಲ್ಲ, ಆಯಿಲ್ ಹಿಡಿದಾಗ ನಡುಗತ್ತೆ. ಎಂಥ ಕೈಯೋ ನಿಂದು!” ಎಂದು ಅಕ್ಕ ಬಾಗಿಲ ಕಡೆ ಮುಖ ತಿರುಗಿಸಿದಳು.

ಊರಾಚೆ, ವಿಮಾನಗಳು ಎಂದೋ ಮರೆತುಬಿಟ್ಟ ಒಂದು ರನ್‌ವೇ ಇತ್ತು. ಬಿರುಕುಗಳಲ್ಲೆಲ್ಲ ಹುಲ್ಲು. ಎದುರು ಬರುವವರು ಯಾರೂ ಇಲ್ಲ. ಅಲ್ಲಿಯವರೆಗೆ ತಂಗಿಯೇ ಓಡಿಸಿಕೊಂಡು ಬಂದು, ಇಳಿದು, ಅಕ್ಕನಿಗೆ ಸ್ಟಿಯರಿಂಗ್ ಬಿಟ್ಟುಕೊಟ್ಟು, ತಾನು ಪಕ್ಕದ ಸೀಟಿನಲ್ಲಿ ಕೂತಳು. ಇಷ್ಟು ಹೊತ್ತಿಗೆ ಇಂಜಿನ್ ಹದವಾಗಿ ಕಾದು, ಗಂಟಲು ತುಂಬಿ ಗುನುಗುತ್ತಿತ್ತು. ನೂರು ಮುಟ್ಟದಿದ್ದರೂ ಎಂಬತ್ತಕ್ಕಂತೂ ಏರೀತು ಎಂದು ತಂಗಿ ಆ ದನಿಯಿಂದಲೇ ಲೆಕ್ಕ ಹಾಕಿದಳು. ಅಷ್ಟಕ್ಕೆ ಅಕ್ಕ ಸಮಾಧಾನಪಟ್ಟುಕೊಂಡರೆ ಗೆದ್ದಂತೆ.

ಕಾರು ಹೊರಟಿತು. ರನ್‌ವೇಯ ಆ ತುದಿ ಬಿಸಿಲಿನಲ್ಲಿ ಕರಗಿ ಆಕಾಶದೊಳಗೆ ಸೇರಿಹೋಗಿತ್ತು. ಅವರು ನೆಲದ ಮೇಲೆ ಹೋಗುತ್ತಿದ್ದಾರೋ ಬೆಳಕಿನ ಮೇಲೋ ಹೇಳುವುದು ಕಷ್ಟವಿತ್ತು.

“ಎಷ್ಟಾಯ್ತೇ? ಮುಳ್ಳು ನನಗೆ ಕಾಣಲ್ಲ.”

ತಂಗಿ ಸ್ಪೀಡಿನ ಮುಳ್ಳು ನೋಡಿದಳು. ಹತ್ತಕ್ಕಿಂತ ಚೂರೇ ಮೇಲಿತ್ತು. ಎಣ್ಣೆಯದೇ ತಪ್ಪೇನೋ ಎಂದು ಇಂಜಿನ್ನಿನ ದನಿಗೆ ಕಿವಿಗೊಟ್ಟಳು. ಆಮೇಲೆ ಕೆಳಗೆ ನೋಡಿದಳು. ಅಕ್ಕನ ಪಾದ ಆಕ್ಸಿಲರೇಟರಿನ ಮೇಲೆ ಹಗುರವಾಗಿ ಕೂತಿತ್ತು. ಒತ್ತಲು ಹೋಗುತ್ತಿತ್ತು, ಮುಂದೇನಿದೆಯೋ ಕಾಣದೆ ಹಿಂದೆ ಸರಿಯುತ್ತಿತ್ತು.

“ಅರವತ್ತು,” ಎಂದಳು ತಂಗಿ.

“ಅಷ್ಟೇನಾ?”

“ತಾಳು. ಎಪ್ಪತ್ತು... ಎಂಬತ್ತು. ನೇರ ಹೋಗು, ದಾರಿ ಚೆನ್ನಾಗಿದೆ.”

“ನೋಡಿದೆಯಾ, ತೆಳು ಆಯಿಲ್ ಅಂದ್ರೆ ಇದು! ನಿನ್ನ ಮಂದ ಆಯಿಲಿನಲ್ಲಿ ಹೀಗೆ ಓಡುತ್ತಿತ್ತಾ?”

“ಎಲ್ಲಿ ಓಡತ್ತೆ? ನೀನು ಹೇಳಿದ್ದೇ ಸರಿ, ಅಕ್ಕ.”

“ಅಬ್ಬಬ್ಬಾ, ಏನು ಗಾಳಿ ಕಣೇ! ಕೂದಲೆಲ್ಲ ಕೆದರಿಹೋಯ್ತು,” ಎಂದು ಅಕ್ಕ, ಒಂದು ಎಳೆಯೂ ಅಲುಗಾಡದ ತನ್ನ ಬಿಳಿ ಕೂದಲನ್ನು ಒಂದು ಕೈಯಲ್ಲಿ ಒತ್ತಿ ಹಿಡಿದಳು. ತಂಗಿ ತಿರುಗಿ ನೋಡಿದರೆ ಅವಳು ತುಟಿ ಬಿಗಿಹಿಡಿದು ನಗು ತಡೆಯುತ್ತಿದ್ದಳು. “ಮುಂದಿನ ಭಾನುವಾರ ನೀನೇ ಓಡಿಸು. ಆದರೆ ಇಷ್ಟು ಜೋರಾಗಿ ಬೇಡ, ನನಗೆ ಭಯ ಆಗತ್ತೆ.”

“ಆಗಲಿ,” ಎಂದಳು ತಂಗಿ. ದನಿ ಸ್ವಲ್ಪ ಒಡೆಯಿತು.

“ಅಳಬೇಡ, ಮುಳ್ಳು ನೋಡು. ನೂರಾಯ್ತಾ?”

“ಆಯ್ತು, ಅಕ್ಕ. ನೂರು.”

ಹುಲ್ಲಿನಿಂದೆದ್ದ ಹಳದಿ ಚಿಟ್ಟೆಯೊಂದು ಸ್ವಲ್ಪ ದೂರ ಅವರ ಜೊತೆಜೊತೆಗೇ ಹಾರಿಬಂದು, ಆಮೇಲೆ ಕಾರನ್ನು ಹಿಂದೆ ಹಾಕಿ ಮುಂದೆ ಹೋಯಿತು.