ರಾಣಿಯ ನಾಲ

ಮೊನ್ನೆ ಬಡಗಿ ನನ್ನ ಹೊಸ ಮನೆಯ ಹೊಸ್ತಿಲಿಗೆ ಬಡಿಯಲೆಂದು ಕುದುರೆಯ ಹಳೆಯ ಲಾಳ, ನಮ್ಮ ಕಡೆಯ ನಾಲ, ತಂದಿದ್ದ. ಆ ಕಬ್ಬಿಣದ ವಾಸನೆ ಬಂದದ್ದೇ ತಡ, ಬೇಡವೆಂದು ವಾಪಸು ಕಳಿಸಿದೆ.

ಜಮಖಂಡಿಯ ನಮ್ಮ ಹಿತ್ತಲಲ್ಲಿ ನನ್ನ ಚಿಕ್ಕಂದಿನ ಆ ಮಧ್ಯಾಹ್ನವೂ ಇದೇ ವಾಸನೆಯಿತ್ತು. ಹಿಂದಿನ ದಿನ ನಮ್ಮ ಕುದುರೆ ರಾಣಿ ಮುಧೋಳದವರೆಗಿನ ಗಾಡಿ ಓಟ ಗೆದ್ದಿತ್ತು. ಓಟಕ್ಕೆ ಮೊದಲೇ ಅಜ್ಜಿ, "ಡಾಂಬರ ರಸ್ತಾ ಐತಿ, ನಾಲಿನ ಕೆಳಗ ಟಾಯರ್ ತುಂಡು ಹಾಕಸೋ" ಎಂದಿದ್ದಳು. "ಭಾರ ಆಕ್ಕೈತಿ ಬೇ, ಓಟ ಕಮ್ಮಿ ಬೀಳತೈತಿ" ಎಂದು ಅಪ್ಪ ತೆಳ್ಳನೆಯ ಕಬ್ಬಿಣದ ನಾಲನ್ನಷ್ಟೇ ಬಡಿಸಿದ್ದ.

ಈಗ ರಾಣಿಯ ಮುಂದಿನ ಎರಡೂ ಗೊರಸು ಸೀಳಿದ್ದವು. ಮೈಯೆಲ್ಲ ಬೆವತು ನಡುಗುತ್ತಿತ್ತು. ದನದ ಡಾಕ್ಟರು ನೋಡಿ, ಇನ್ನು ಉಳಿಯುವುದಿಲ್ಲವೆಂದು ಚೀಲ ಮುಚ್ಚಿಕೊಂಡು ಹೋಗಿದ್ದರು. ಹಗ್ಗ ನನ್ನ ಕೈಯಲ್ಲಿತ್ತು. ಗೋಡೆಯಾಚೆ ಓಣಿಯವರು ನಾಲ ಒಯ್ಯಲೆಂದು ಕಾಯುತ್ತಿದ್ದರು.

"ಗೆದ್ದ ಕುದುರಿ ನಾಲ ಹೊಸ್ತಿಲಕ್ಕ ಭಾಳ ಛಲೋ," ಎಂದರು ಪಕ್ಕದ ಮನೆಯ ಕಾಕಾ. "ಆದ್ರ ಜೀವ ಇದ್ದಾಗನ ಕೀಳಬೇಕು. ಸತ್ತದ್ದರದು ಬರೂದಿಲ್ಲ."

"ನೀರರ ಕುಡೀಲಿ ತಡೀರಿ," ಎಂದಳು ಅಜ್ಜಿ. ರಾಣಿ ಬಕೀಟಿಗೆ ಮೂತಿ ಹಾಕಲಿಲ್ಲ.

ಅಪ್ಪ ಇಕ್ಕಳ ತಂದ. ಹಿಂಗಾಲಿನವು ಸರಳವಾಗಿ ಬಂದವು. ಮುಂದಿನ ಒಂದನ್ನು ಕಿತ್ತಾಗ ಗೊರಸಿನ ಚೂರೂ ಜೊತೆಗೇ ಬಂತು. ಅಪ್ಪ ಇಕ್ಕಳ ಕೆಳಗಿಟ್ಟು ಅಲ್ಲೇ ಕುಕ್ಕರಗಾಲಲ್ಲಿ ಕುಳಿತುಬಿಟ್ಟ.

ಆಗ ರಾಣಿ, ಹೊಸ ನಾಲ ಬಡಿಸುವಾಗೆಲ್ಲ ಮಾಡುತ್ತಿದ್ದಂತೆ, ನಾಲ ಉಳಿದಿದ್ದ ಇನ್ನೊಂದು ಮುಂಗಾಲನ್ನು ತಾನೇ ಎತ್ತಿ ಅವನ ತೊಡೆಯ ಮೇಲಿಟ್ಟಿತು.