ಗೋಡೆಯ ಜಗಳಗಂಟಿ

ಲಿವರ್ ಕಾಯಿಲೆಯವರ ಮನೆಗಳಲ್ಲೆಲ್ಲ ಆಸ್ಪತ್ರೆಯವರು ಗೋಡೆಗೆ 'ಜಗಳಗಂಟಿ' ಎಂಬ ಒಂದು ಮಾತಾಡುವ ಪೆಟ್ಟಿಗೆ ಕೂಡಿಸುತ್ತಿದ್ದರು. ಗದಗಿನ ಸಂಗನಬಸಪ್ಪನ ಅಡುಗೆಮನೆಯಲ್ಲೂ ಒಂದಿತ್ತು. ಸೂಜಿಯಿಲ್ಲ, ನಳಿಕೆಯಿಲ್ಲ. ದಿನಾ ಬೆಳಿಗ್ಗೆ ಆ ಪೆಟ್ಟಿಗೆ ಏನಾದರೂ ತಂಟೆ ತೆಗೆಯುತ್ತಿತ್ತು. ರೋಗಿ ತಿರುಗಿ ಜಗಳಾಡಿದರೆ ಲಿವರಿನ ವಿಷ ಇನ್ನೂ ತಲೆಗೇರಿಲ್ಲ ಎಂದರ್ಥ. ಸಂಗನಬಸಪ್ಪ ಒಮ್ಮೆಯೂ ಸೋತವನಲ್ಲ.

ಆ ದಿನ ಪೆಟ್ಟಿಗೆ, "ಮಹಾಲಿಂಗಪುರದ ಬೆಲ್ಲಕ್ಕಿಂತ ಕೊಲ್ಲಾಪುರದ ಬೆಲ್ಲ ಚಲೋ," ಎಂದಿತು.

ಅವನು ಹುಟ್ಟಿದ್ದೇ ಮಹಾಲಿಂಗಪುರದಲ್ಲಿ. ಹೆಂಡತಿ ನೀಲವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕಾದಳು.

"ಹೌದು, ನೀ ಹೇಳೂದು ಖರೆ ಐತಿ," ಎಂದು ಅವನು ನಕ್ಕ.

ನೀಲವ್ವ ರೊಟ್ಟಿ ಬಿಟ್ಟು ಅವನ ಹತ್ತಿರ ಬಂದಳು. ತಾನೂ ಒಮ್ಮೆ ಕೆಣಕಿ ನೋಡೋಣವೆಂದು, "ಏನ್ರೀ, ನಿಮ್ಮವ್ವಗ ರೊಟ್ಟಿ ಬಡ್ಯಾಕ ಬರ್ತಿದ್ದಿಲ್ಲ," ಎಂದಳು.

"ಅದೂ ಖರೆ."

ಪೆಟ್ಟಿಗೆ ಆಗಲೇ ಆಂಬುಲೆನ್ಸ್ ಕರೆದಿತ್ತು. ಅದು ಬಂದಾಗ ಹಿಟ್ಟಿನ ಕೈಯಲ್ಲೇ ಅವಳು ಗಂಡನ ಜೊತೆ ಹತ್ತಿ ಕುಳಿತಳು.

ಆಸ್ಪತ್ರೆಯಲ್ಲಿ ವಿಷ ಇಳಿಯಲೆಂದು ಸಿಹಿ ಔಷಧಿ ಕುಡಿಸಿ ಹೊಟ್ಟೆ ಖಾಲಿ ಮಾಡಿಸಿದರು. ಅವನು ಎಲ್ಲರಿಗೂ ಹೌದೌದು ಎನ್ನುತ್ತ ಮಲಗಿದ್ದ. ಇಷ್ಟು ಸೌಮ್ಯನಾದ ಗಂಡನನ್ನು ಕಂಡು ನೀಲವ್ವನಿಗೆ ಊಟ ಸೇರಲಿಲ್ಲ.

ಮರುದಿನ ಸಂಜೆ ಡಾಕ್ಟರು ಬಂದು, "ಈಗ ಆರಾಮ ಅದೀರಿ, ಅಜ್ಜಾರ," ಎಂದರು.

"ಯಾರ್ ಹೇಳಿದ್ರು? ನನಗ ಒಟ್ಟ ಆರಾಮಿಲ್ಲ. ಮತ್ತ ನಾ ನಿಮಗ ಅಜ್ಜ ಹೆಂಗ ಆಗ್ತೀನಿ?"

ನೀಲವ್ವ ಕಣ್ಣೊರೆಸಿಕೊಂಡು, ಮನೆಗೆ ಹೊರಡಲು ಚೀಲ ತುಂಬತೊಡಗಿದಳು.